ಮೂರು ಗಂಟೆಯ ಲೆಕ್ಕ: ಅಮೆರಿಕದ ಕಾಲೇಜು ಬೇಸ್‌ಬಾಲ್ ಆಟಗಾರನ ಒಂದು ವಾರ

ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಒಂದು ನಿಯಮವಿದೆ. ಪಂದ್ಯದ ದಿನ ಆಟಗಾರ ಮೈದಾನದಲ್ಲಿ ಎಷ್ಟೇ ಹೊತ್ತು ಇರಲಿ, ಅವನ ವಾರದ ಆಟದ ಗಂಟೆಗಳ ಲೆಕ್ಕಕ್ಕೆ ಸೇರುವುದು ಮೂರೇ ಗಂಟೆ. ಬೇಸ್‌ಬಾಲ್ ಇಷ್ಟೇ ಹೊತ್ತಿಗೆ ಮುಗಿಯಬೇಕೆಂಬ ಕಟ್ಟುಪಾಡಿಲ್ಲದ ಆಟ. ಒಂಬತ್ತು ಇನ್ನಿಂಗ್ಸ್ ಮುಗಿದಾಗ ರನ್ ಸಮವಾಗಿದ್ದರೆ ಹತ್ತನೆಯದು, ಹನ್ನೊಂದನೆಯದು ಎಂದು ಯಾರಾದರೂ ಗೆಲ್ಲುವ ತನಕ ಎಳೆಯುತ್ತಲೇ ಹೋಗುತ್ತದೆ. ಪಂದ್ಯ ಶುರುವಾಗುವ ಎಷ್ಟೋ ಮುಂಚೆಯೇ ಬಂದು ಮೈ ಬಿಸಿ ಮಾಡಿಕೊಳ್ಳಬೇಕು, ಬ್ಯಾಟಿಂಗ್ ಅಭ್ಯಾಸ ಮುಗಿಸಬೇಕು. ಅದೂ ಆ ಮೂರು ಗಂಟೆಯೊಳಗೇ ಬಂತು. ಒಂದೇ ದಿನ ಎರಡು ಪಂದ್ಯ ಆಡಿದರೂ ಮೂರೇ. ಇನ್ನು ಬೇರೆ ಊರಿನ ಮೈದಾನಕ್ಕೆ ಹೋಗಿ ಬರಲು ಬಸ್ಸಿನಲ್ಲಿ ಕೂತ ಹೊತ್ತು ಲೆಕ್ಕದ ಪುಸ್ತಕದಲ್ಲಿ ಸೊನ್ನೆ.

ಆಟ, ಓದು, ಸಮಾಜಸೇವೆ ಮೂರನ್ನೂ ನಿಭಾಯಿಸಿದ ಹುಡುಗ ಎಂದು ಅಲ್ಲಿನ ಕಾಲೇಜುಗಳು ಪ್ರತಿವರ್ಷ ಒಬ್ಬಿಬ್ಬರ ಬಗ್ಗೆ ಹೆಮ್ಮೆಯಿಂದ ಬರೆಯುತ್ತವೆ. ಆ ಹೆಮ್ಮೆಗೆ ಕಾರಣವಿದೆ, ಅಂಥ ಹುಡುಗರು ನಿಜಕ್ಕೂ ಇದ್ದಾರೆ. ಆದರೆ ಅವರ ಮನೋಬಲವನ್ನಷ್ಟೇ ಹೊಗಳಿ ಸುಮ್ಮನಾದರೆ ಅರ್ಧ ಕತೆ ಹೇಳಿದಂತೆ. ಅವರ ವಾರವನ್ನು ಕಟ್ಟಿಹಾಕಿರುವುದು ಬೇರೆಯವರು ಬರೆದ ನಿಯಮಗಳು. ಎಲ್ಲ ಕಳೆದು ಕೈಯಲ್ಲಿ ಉಳಿಯುವ ನಾಲ್ಕಾರು ಗಂಟೆಯನ್ನು ಅವರು ಎಲ್ಲಿ ಇಡುತ್ತಾರೆ ಎಂಬುದರಲ್ಲೇ ನಿಜವಾದ ವಿಷಯವಿದೆ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಲೆಕ್ಕದಿಂದಲೇ ಶುರು ಮಾಡಬೇಕು.

ಕಾಲೇಜು ಕ್ರೀಡೆಯನ್ನು ಅಲ್ಲಿ ಬಹುಪಾಲು ನಡೆಸುವುದು ಎನ್‌ಸಿಎಎ ಎಂಬ ಸಂಸ್ಥೆ. ಹುಟ್ಟಿದ್ದು 1906ರಲ್ಲಿ. ಅದರಡಿ ಮೂರು ದರ್ಜೆಗಳಿವೆ: ಡಿವಿಷನ್ 1, 2 ಮತ್ತು 3. ಮೊದಲನೆಯದರಲ್ಲಿ ದೊಡ್ಡ ದುಡ್ಡು, ದೊಡ್ಡ ಮೈದಾನ, ಟಿವಿ. ಮೂರನೆಯದರಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ಪೇ ಇಲ್ಲ. 1991ರಿಂದ ಡಿವಿಷನ್ 1ರಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ, ಆಟದ ಋತುವಿನಲ್ಲಿ ಕೋಚ್ ಒಬ್ಬ ವಿದ್ಯಾರ್ಥಿಯನ್ನು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಆಟದ ಕೆಲಸಕ್ಕೆ ಹಚ್ಚುವಂತಿಲ್ಲ. ವಾರದಲ್ಲಿ ಒಂದು ದಿನ ರಜೆ ಕಡ್ಡಾಯ. ಋತುವಿಲ್ಲದ ತಿಂಗಳುಗಳಲ್ಲಿ ವಾರಕ್ಕೆ 8 ಗಂಟೆ.

ಈಗ ಏಪ್ರಿಲ್ ತಿಂಗಳ ಒಂದು ವಾರ ಹಿಡಿಯೋಣ. ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿಯ ಜೊತೆ ಮೂರು ಪಂದ್ಯ. ಕಾಲೇಜು ಬೇಸ್‌ಬಾಲ್‌ನ ಬೆನ್ನೆಲುಬೇ ಈ ವಾರಾಂತ್ಯದ ಸರಣಿ. ಲೆಕ್ಕಕ್ಕೆ 9 ಗಂಟೆ. ಮಂಗಳವಾರ ಹತ್ತಿರದ ಇನ್ನೊಂದು ಕಾಲೇಜಿನ ಜೊತೆ ಒಂದು ಪಂದ್ಯ, 3 ಗಂಟೆ. ಒಟ್ಟು 12 ಆಯಿತು. ಬುಧವಾರ, ಗುರುವಾರ ತಲಾ 4 ಗಂಟೆ ಅಭ್ಯಾಸ. ಸೋಮವಾರ ರಜೆ. ಕೂಡಿದರೆ ಸರಿಯಾಗಿ 20. ಕಾಗದದ ಮೇಲೆ ಒಂದು ನಿಮಿಷವೂ ಹೆಚ್ಚಿಲ್ಲ.

ಲೆಕ್ಕಕ್ಕೆ ಬಾರದ್ದು ಏನೇನು ನೋಡಿ. ಪ್ರಯಾಣ ಬರುವುದಿಲ್ಲ. ಭುಜಕ್ಕೆ ಐಸ್ ಕಟ್ಟಿಸಿಕೊಂಡು ಫಿಸಿಯೋ ಹತ್ತಿರ ಮಲಗಿರುವುದು ಬರುವುದಿಲ್ಲ. ತಂಡದವರೆಲ್ಲ ಒಟ್ಟಿಗೆ ಕೂತು ಓದುವ ಕಡ್ಡಾಯ ಅವಧಿ ಬರುವುದಿಲ್ಲ. ಸಮಾಜಸೇವೆಯೂ ಬರುವುದಿಲ್ಲ. ‘ಇಷ್ಟವಿದ್ದರೆ ಬಾ’ ಎಂದು ಕರೆಯುವ ಹೆಚ್ಚುವರಿ ಅಭ್ಯಾಸವೂ ಇಲ್ಲ. ಆ ‘ಇಷ್ಟ’ ಎಂಥದ್ದೆಂದು ತಂಡದಲ್ಲಿ ಜಾಗಕ್ಕಾಗಿ ಕಾದಿರುವ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಎನ್‌ಸಿಎಎ ತಾನೇ ನಡೆಸಿದ ಸಮೀಕ್ಷೆಗಳಲ್ಲಿ ಡಿವಿಷನ್ 1 ಬೇಸ್‌ಬಾಲ್ ಆಟಗಾರರು ಋತುವಿನಲ್ಲಿ ಆಟಕ್ಕೆ ಹೋಗುವುದು ವಾರಕ್ಕೆ ಸುಮಾರು 40 ಗಂಟೆ ಎಂದಿದ್ದಾರೆ. ನಿಯಮದ ಎರಡರಷ್ಟು. ಆದರೂ ನಿಯಮವನ್ನು ಯಾರೂ ಮುರಿದಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ್ದು.

ಒಂದು ಕಾಲದಲ್ಲಿ ಊರಿಂದೂರಿಗೆ ಹೋಗುವ ದಿನವನ್ನೇ ‘ರಜೆ’ ಎಂದು ತೋರಿಸಿಬಿಡಬಹುದಿತ್ತು. 2017ರಲ್ಲಿ ದೊಡ್ಡ ಐದು ಕಾನ್ಫರೆನ್ಸ್‌ಗಳು, ಅಂದರೆ ತಮ್ಮೊಳಗೆ ಆಡುವ ಕಾಲೇಜುಗಳ ಕೂಟಗಳು, ಇದನ್ನು ನಿಲ್ಲಿಸಿದವು. ರಾತ್ರಿ 9ರಿಂದ ಬೆಳಗ್ಗೆ 6ರ ನಡುವೆ ಸತತ 8 ಗಂಟೆ ಹುಡುಗರನ್ನು ಅವರ ಪಾಡಿಗೆ ಬಿಡಬೇಕೆಂದೂ ಆಗಲೇ ಬರೆದುಕೊಂಡವು. ನಿದ್ದೆಗೂ ನಿಯಮ ಬರೆಯಬೇಕಾಯಿತು ಅಂದರೆ ಅದಕ್ಕೆ ಮುಂಚೆ ಹೇಗಿತ್ತು ಎಂದು ಊಹಿಸಬಹುದು.

ಉಳಿದ ಆಟಗಳಿಗಿಂತ ಬೇಸ್‌ಬಾಲ್ ಓದನ್ನು ಹೆಚ್ಚು ತಿನ್ನುವುದಕ್ಕೆ ಕಾರಣ ಅದರ ಕ್ಯಾಲೆಂಡರು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಮಾಮೂಲಿ ಋತುವಿನಲ್ಲಿ 12 ಪಂದ್ಯ, ವಾರಕ್ಕೊಂದು, ಹೆಚ್ಚಾಗಿ ಶನಿವಾರ. ಡಿವಿಷನ್ 1 ಬೇಸ್‌ಬಾಲ್‌ಗೆ 56 ಪಂದ್ಯಗಳ ತನಕ ಅವಕಾಶ. ಅವೆಲ್ಲ ಫೆಬ್ರವರಿ ನಡುವಿಂದ ಮೇ ತಿಂಗಳೊಳಗೆ, ಅಂದರೆ ಒಂದೇ ಸೆಮಿಸ್ಟರಿನಲ್ಲಿ ಮುಗಿಯಬೇಕು. ಇದರ ಮೇಲೆ ಹವಾಮಾನದ ಕಾಟ. ಫೆಬ್ರವರಿಯಲ್ಲಿ ಬಾಸ್ಟನ್, ಕನೆಕ್ಟಿಕಟ್, ಮಿಷಿಗನ್ ಕಡೆಯ ಮೈದಾನಗಳ ಮೇಲೆ ಹಿಮ ಬಿದ್ದಿರುತ್ತದೆ. ಹೀಗಾಗಿ ಉತ್ತರದ ತಂಡಗಳು ಮೊದಲ ಕೆಲವು ವಾರಾಂತ್ಯ ತಮ್ಮ ಊರಲ್ಲಿ ಆಡುವಂತೆಯೇ ಇಲ್ಲ. ಫ್ಲೋರಿಡಾ, ಕ್ಯಾರೊಲೈನಾ, ಟೆಕ್ಸಸ್ ಕಡೆಗೆ ಹೊರಡಬೇಕು. ಗುರುವಾರ ವಿಮಾನ ಹತ್ತಿದರೆ ಶುಕ್ರವಾರದ ಕ್ಲಾಸು ಹೋಯಿತು, ಎಷ್ಟೋ ಸಲ ಗುರುವಾರದ್ದೂ. ಭಾನುವಾರ ರಾತ್ರಿ ಬಂದು ಬ್ಯಾಗು ಎಸೆದು ಮಲಗಿದರೆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅರ್ಥಶಾಸ್ತ್ರ.

ತಂಡದೊಳಗೇ ಈ ಹೊರೆ ಎಲ್ಲರಿಗೂ ಒಂದೇ ತೂಕದ್ದಲ್ಲ. ಶುಕ್ರವಾರದ ಪಂದ್ಯ ಶುರು ಮಾಡುವ ಪಿಚರ್, ಅಂದರೆ ಚೆಂಡೆಸೆಯುವವನು, ವಾರಕ್ಕೊಮ್ಮೆ ಎಸೆದು, ನಡುವೆ ಒಂದು ದಿನ ಸ್ವಲ್ಪ ಕೈ ಬಿಟ್ಟು ನೋಡಿಕೊಂಡರೆ ಸಾಕು. ಆದರೂ ಶನಿವಾರ, ಭಾನುವಾರ ಅವನು ಗ್ಯಾಲರಿಯಲ್ಲಿ ಕೂತು ಪ್ರತಿ ಎಸೆತವನ್ನೂ ಹಾಳೆಯಲ್ಲಿ ಗುರುತು ಹಾಕಬೇಕಾಗುತ್ತದೆ. ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಪಾಡು ಬೇರೆ. ಮೂರು ದಿನ ಕುಕ್ಕುರುಗಾಲಲ್ಲಿ ಕೂತು, ಎಲ್ಲ ಪಿಚರ್‌ಗಳ ಅಭ್ಯಾಸಕ್ಕೂ ತಾನೇ ಕೈಗವಸು ಒಡ್ಡಿ, ಎದುರಾಳಿ ಬ್ಯಾಟರ್‌ಗಳ ಚರಿತ್ರೆಯನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಿರುವವನು ಅವನು. ಬಸ್ಸಿನಲ್ಲಿ ಪುಸ್ತಕ ಬಿಡಿಸಿದ ಕ್ಯಾಚರ್ ಎರಡನೇ ಪುಟಕ್ಕೇ ನಿದ್ದೆಹೋದರೆ ಅವನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮಲ್ಲಿ ಆಟಗಾರನಿಗೆ ಕಾಲೇಜು ಕೊಡುವುದು ಮುಖ್ಯವಾಗಿ ಹಾಜರಿಯ ರಿಯಾಯಿತಿ. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಓದಿದವರೆಂದು ಕರ್ನಾಟಕದಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಅವರನ್ನು ಆಟಗಾರರಾಗಿ ಬೆಳೆಸಿದ್ದು ಕ್ಲಬ್ಬು, ಲೀಗು, ರಾಜ್ಯದ ತಂಡ. ಕಾಲೇಜು ಪಕ್ಕದಲ್ಲಿತ್ತು. ಅಮೆರಿಕದಲ್ಲಿ ಕಾಲೇಜೇ ಏಣಿ. ಕೋಚ್‌ಗೆ ಸಂಬಳ ಕೊಡುವುದು, ಮೈದಾನ ಕಟ್ಟುವುದು, ಹುಡುಗನನ್ನು ಆರಿಸಿ ತರುವುದು, ಅವನಿಗೆ ಡಿಗ್ರಿ ಕೊಡುವುದು ಎಲ್ಲ ಒಂದೇ ಸಂಸ್ಥೆ. ಆದ್ದರಿಂದ ಅವನು ಓದುತ್ತಿದ್ದಾನೆ ಎಂದು ತೋರಿಸುವ ಜವಾಬ್ದಾರಿಯೂ ಆ ಸಂಸ್ಥೆಯ ತಲೆಯ ಮೇಲೇ ಬರುತ್ತದೆ.

ಹೇಗೆ ತೋರಿಸುತ್ತದೆ? ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್‌ಗಳಿಗೆ ಹೆಸರು ಬರೆಸಿರಬೇಕು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ತಾನು ಆರಿಸಿಕೊಂಡ ಡಿಗ್ರಿಯ 40%, ಮೂರನೇ ವರ್ಷಕ್ಕೆ 60%, ನಾಲ್ಕನೆಯದಕ್ಕೆ 80% ಮುಗಿಸಿರಬೇಕು. ಜೊತೆಗೆ ಡಿಗ್ರಿಗೆ ಕಾಲೇಜು ಕೇಳುವ ಕನಿಷ್ಠ ಸರಾಸರಿ ಅಂಕದ 90% ಎರಡನೇ ವರ್ಷದ ಆರಂಭಕ್ಕೆ ಇರಬೇಕು, ಮೂರನೆಯದಕ್ಕೆ 95%, ನಾಲ್ಕನೆಯದಕ್ಕೆ ಪೂರ್ತಿ. ತಪ್ಪಿದರೆ ಬೆಂಚಿನಲ್ಲೂ ಜಾಗವಿಲ್ಲ. ತಂಡಕ್ಕೂ ಒಂದು ಅಂಕಪಟ್ಟಿ ಇದೆ. ಪ್ರತಿ ಸ್ಕಾಲರ್‌ಶಿಪ್ ಆಟಗಾರ ಪ್ರತಿ ಸೆಮಿಸ್ಟರಿನಲ್ಲಿ ಕಾಲೇಜು ಬಿಡದೆ ಉಳಿದರೆ ಒಂದು ಅಂಕ, ಆಡುವ ಅರ್ಹತೆ ಉಳಿಸಿಕೊಂಡರೆ ಇನ್ನೊಂದು. ಪೂರ್ತಿ ಅಂಕವೆಂದರೆ 1000. ಸರಾಸರಿ 930ಕ್ಕಿಂತ ಕೆಳಗಿಳಿದರೆ ಆ ತಂಡ ಋತುವಿನ ಕೊನೆಯ ಟೂರ್ನಿ ಆಡುವಂತಿಲ್ಲ. ನಮ್ಮ ಬ್ಯಾಕ್‌ಲಾಗ್ ಮತ್ತು ಇಯರ್ ಬ್ಯಾಕ್ ಒಬ್ಬನ ತಲೆಗೆ ಕಟ್ಟಿದ್ದು. ಅಲ್ಲಿ ಒಬ್ಬ ಎಡವಿದರೆ ಇಡೀ ತಂಡದ ಲೆಕ್ಕ ಕುಸಿಯುತ್ತದೆ.

ಈ ನಿಯಮ ಹುಡುಗರನ್ನು ಓದಿಸುತ್ತದೆ ನಿಜ. ಏನನ್ನು ಓದಿಸುತ್ತದೆ ಎನ್ನುವುದು ಬೇರೆ ಪ್ರಶ್ನೆ. ಮೂರು ವರ್ಷದಲ್ಲಿ ಡಿಗ್ರಿಯ 60% ಮುಗಿದಿರಬೇಕು ಎಂದರೆ ನಡುದಾರಿಯಲ್ಲಿ ವಿಷಯ ಬದಲಿಸುವುದು ಕಷ್ಟ. ಹಿಂದೆ ಓದಿದ್ದರಲ್ಲಿ ಅರ್ಧ ಹೊಸ ಡಿಗ್ರಿಯ ಲೆಕ್ಕಕ್ಕೆ ಬರದೆ ಹೋಗಬಹುದು. ಅಭ್ಯಾಸ ಸಾಮಾನ್ಯವಾಗಿ ಮಧ್ಯಾಹ್ನ. ರಸಾಯನಶಾಸ್ತ್ರ, ಜೀವಶಾಸ್ತ್ರ, ಎಂಜಿನಿಯರಿಂಗ್ ಲ್ಯಾಬ್‌ಗಳೂ ಹೆಚ್ಚಾಗಿ ಮಧ್ಯಾಹ್ನವೇ. ಎರಡರಲ್ಲಿ ಒಂದು ಬಿಡಬೇಕು. ಎಷ್ಟೋ ಹುಡುಗರು ಬಿಡುವುದು ಲ್ಯಾಬನ್ನು. ಒಂದೇ ತಂಡದ ಹತ್ತಾರು ಮಂದಿ ಒಂದೇ ವಿಷಯದಲ್ಲಿ ಗುಂಪುಗೂಡಿರುವುದನ್ನು ಅಲ್ಲಿನ ಸಂಶೋಧಕರು ಬಹಳ ವರ್ಷಗಳಿಂದ ಬರೆಯುತ್ತಲೇ ಇದ್ದಾರೆ. ಆಟಗಾರರಿಗೆ ಉಳಿದ ವಿದ್ಯಾರ್ಥಿಗಳಿಗಿಂತ ಮೊದಲೇ ಕ್ಲಾಸು ಆರಿಸಿಕೊಳ್ಳಲು ಅನೇಕ ಕಾಲೇಜುಗಳು ಬಿಡುತ್ತವೆ. ದೂರದ ಊರಿನ ಹೋಟೆಲಿನಲ್ಲೇ ಮೇಲ್ವಿಚಾರಕರ ಎದುರು ಪರೀಕ್ಷೆ ಬರೆಯುವ ವ್ಯವಸ್ಥೆಯೂ ಉಂಟು. ಇವೆಲ್ಲ ಒಳ್ಳೆಯವೇ. ಆದರೆ ಲ್ಯಾಬನ್ನು ಹೋಟೆಲಿಗೆ ಹೊತ್ತೊಯ್ಯಲಾಗುವುದಿಲ್ಲ.

ಇಷ್ಟು ಕಷ್ಟಪಡುವುದಕ್ಕೆ ದುಡ್ಡಾದರೂ ಚೆನ್ನಾಗಿ ಸಿಗುತ್ತದೆಯೇ? ಬೇಸ್‌ಬಾಲ್‌ನ ಅತಿ ದೊಡ್ಡ ತಪ್ಪು ತಿಳಿವಳಿಕೆ ಇದೇ ಇರಬೇಕು. ‘ಮಗನಿಗೆ ಸ್ಕಾಲರ್‌ಶಿಪ್ ಸಿಕ್ಕಿತು’ ಎಂದರೆ ಪೂರ್ತಿ ಫೀಸು ಮಾಫಿ ಎಂದುಕೊಳ್ಳುತ್ತೇವೆ. ಬಹಳ ಕಾಲ ಡಿವಿಷನ್ 1 ತಂಡವೊಂದಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್. ಅದನ್ನು ಹೆಚ್ಚೆಂದರೆ 27 ಹುಡುಗರಿಗೆ ಹಂಚಬಹುದಿತ್ತು. ಹೆಚ್ಚಿನವರಿಗೆ ಸಿಗುತ್ತಿದ್ದದ್ದು ಕಾಲು ಭಾಗ, ಅರ್ಧ ಭಾಗ. ಉಳಿದ ಫೀಸು ಅಪ್ಪ ಅಮ್ಮನದು ಇಲ್ಲವೇ ಸಾಲ. ಹೈಸ್ಕೂಲಿನಲ್ಲಿ ಚೆನ್ನಾಗಿ ಅಂಕ ತೆಗೆದ ಹುಡುಗನಿಗೆ ಓದಿನ ಸ್ಕಾಲರ್‌ಶಿಪ್ಪೂ ಸೇರಿದರೆ ಮಾತ್ರ ಫೀಸು ಕೈಗೆಟುಕುವ ಮನೆಗಳು ಎಷ್ಟೋ ಇವೆ. ಬ್ಯಾಟಿಗಿಂತ ಪುಸ್ತಕಕ್ಕೆ ಹೆಚ್ಚು ದುಡ್ಡು ಬಂದಿರುವ ಮನೆಗಳೂ ಇವೆ. ಎನ್‌ಸಿಎಎ ಮತ್ತು ಆಟಗಾರರ ನಡುವೆ ಆಗಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಒಪ್ಪಂದದ ಬಳಿಕ ಈ ಲೆಕ್ಕ ಬದಲಾಗಿದೆ. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಸಂಖ್ಯೆಗೆ ಮಿತಿಯಿಲ್ಲ, ತಂಡದ ಗಾತ್ರಕ್ಕೆ ಮಾತ್ರ ಮಿತಿ: 34. ಬೇಕಿದ್ದರೆ 34 ಮಂದಿಗೂ ಪೂರ್ತಿ ಕೊಡಬಹುದು. ಕೊಡಲೇಬೇಕೆಂದಿಲ್ಲ. ಮೊದಲು 40ರ ಹತ್ತಿರ ಇದ್ದ ತಂಡಗಳು ಕುಗ್ಗುವಾಗ ಜಾಗ ಕಳೆದುಕೊಳ್ಳುವವರು ಸ್ಕಾಲರ್‌ಶಿಪ್ ಇಲ್ಲದೆ ಬರೀ ಆಟದ ಪ್ರೀತಿಗೆ ಬಂದ ಹುಡುಗರು. ಆ ಹುಡುಗರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ ಎಂಬ ನೋವು ನನಗಿದೆ.

ಇನ್ನು ವೃತ್ತಿಪರ ಬೇಸ್‌ಬಾಲ್‌ನ ಸೆಳೆತ. ಅಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ತಂಡಗಳು ಪ್ರತಿವರ್ಷ ಸರದಿಯಂತೆ, ಸುತ್ತು ಸುತ್ತಾಗಿ ಹೊಸಬರನ್ನು ಆರಿಸಿಕೊಳ್ಳುತ್ತವೆ. ಹೈಸ್ಕೂಲ್ ಮುಗಿಸಿದ ಹುಡುಗನನ್ನೇ ಆರಿಸಿಕೊಳ್ಳಬಹುದು. ಆದರೆ ಅವನು ನಾಲ್ಕು ವರ್ಷದ ಕಾಲೇಜಿಗೆ ಸೇರಿದನೆಂದರೆ ಮೂರನೇ ವರ್ಷ ಮುಗಿಯುವ ತನಕ ಅಥವಾ 21 ತುಂಬುವ ತನಕ ಮುಟ್ಟುವಂತಿಲ್ಲ. ಅಂದರೆ ಕರೆ ಬರುವುದು ಡಿಗ್ರಿ ಮುಕ್ಕಾಲು ಮುಗಿದ ಹೊತ್ತಿಗೆ. ಸ್ಟ್ಯಾನ್‌ಫರ್ಡ್‌ನ ಪಿಚರ್ ಮಾರ್ಕ್ ಆ್ಯಪಲ್‌ಗೆ 2012ರಲ್ಲಿ ಹೀಗೇ ಆಯಿತು. ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ಎಂಟನೆಯವರಾಗಿ ಆರಿಸಿ 38 ಲಕ್ಷ ಡಾಲರ್ ಕೊಡಲು ಮುಂದೆ ಬಂತು. ಅವರು ಒಪ್ಪದೆ ಕಾಲೇಜಿಗೆ ಮರಳಿದರು, ಮ್ಯಾನೇಜ್‌ಮೆಂಟ್ ಸೈನ್ಸ್ ಮತ್ತು ಎಂಜಿನಿಯರಿಂಗ್ ಓದು ಮುಗಿಸಿದರು. ಮರುವರ್ಷ ಹ್ಯೂಸ್ಟನ್ ಆ್ಯಸ್ಟ್ರೋಸ್ ಇಡೀ ದೇಶದಲ್ಲಿ ಮೊದಲನೆಯವರಾಗಿ ಅವರನ್ನು ಆರಿಸಿತು. ಕತೆ ಇಲ್ಲಿಗೆ ನಿಂತಿದ್ದರೆ ತಾಯ್ತಂದೆಯರು ಮಕ್ಕಳಿಗೆ ಹೇಳಲು ಬಹಳ ಚೆನ್ನಾಗಿರುತ್ತಿತ್ತು. ಆದರೆ ಆಮೇಲೆ ಗಾಯ, ಸೋಲು. ಕೆಲವು ವರ್ಷ ಆಟವನ್ನೇ ಬಿಟ್ಟರು. ಮೇಜರ್ ಲೀಗ್‌ನಲ್ಲಿ ಮೊದಲ ಸಲ ಎಸೆದದ್ದು 2022ರಲ್ಲಿ, 30ನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾ ತಂಡಕ್ಕೆ. ಈ ನಡುವಿನ ವರ್ಷಗಳಲ್ಲಿ ಆ ಡಿಗ್ರಿ ಅವರ ಕೈಯಲ್ಲಿತ್ತು.

ಈಗ ಮೂರನೆಯದಕ್ಕೆ ಬರೋಣ. ವಾರಕ್ಕೆ 40 ಗಂಟೆ ಆಟ, ಅದರ ಮೇಲೆ 12 ಕ್ರೆಡಿಟ್ ಓದು ಇರುವವನಿಗೆ ಸಮಾಜಸೇವೆಯ ಹೊರೆ ಏಕೆ?

ಕಾಲೇಜುಗಳ ಮಟ್ಟಿಗೆ ಉತ್ತರ ಸುಲಭ. ಎನ್‌ಸಿಎಎ 1994ರಲ್ಲಿ ಶುರು ಮಾಡಿದ ಜೀವನ ಕೌಶಲ ಕಾರ್ಯಕ್ರಮದಲ್ಲಿ ಓದು, ಆಟ, ವ್ಯಕ್ತಿತ್ವ, ವೃತ್ತಿ ಇವುಗಳ ಜೊತೆ ಸೇವೆಯನ್ನೂ ಒಂದು ಕಂಬವಾಗಿ ಸೇರಿಸಿತು. ಡಿವಿಷನ್ 2ರ ವಿದ್ಯಾರ್ಥಿಗಳು 2003ರಿಂದ ಗಂಭೀರ ಕಾಯಿಲೆಯ ಮಕ್ಕಳ ಆಸೆ ಈಡೇರಿಸುವ ಮೇಕ್-ಎ-ವಿಶ್ ಸಂಸ್ಥೆಗೆ ಹಣ ಕೂಡಿಸುತ್ತಾರೆ. ಡಿವಿಷನ್ 3ರವರು 2011ರಿಂದ ಸ್ಪೆಷಲ್ ಒಲಿಂಪಿಕ್ಸ್ ಜೊತೆ ಕೈಜೋಡಿಸಿದ್ದಾರೆ. ನಮ್ಮ ಎನ್ಎಸ್ಎಸ್ ನೆನಪಾಗುತ್ತದೆ. 1969ರಲ್ಲಿ, ಗಾಂಧೀಜಿಯ ಶತಮಾನೋತ್ಸವದ ವರ್ಷ ಶುರುವಾದದ್ದು ಅದು. ವರ್ಷಕ್ಕೆ 120 ಗಂಟೆ, ಏಳು ದಿನದ ವಿಶೇಷ ಶಿಬಿರ, ‘ನನಗಲ್ಲ, ನಿನಗೆ’ ಎಂಬ ಘೋಷವಾಕ್ಯ. ಎನ್ಎಸ್ಎಸ್ ಶಿಬಿರದಲ್ಲಿ ಹಳ್ಳಿಯ ಶಾಲೆಯ ಜಗಲಿಯಲ್ಲಿ ಮಲಗಿ ಎದ್ದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಗಂಟೆ ತುಂಬಿಸಲು ಗುಡಿಸುವ ಹುಡುಗನೂ, ಆ ಊರಿನ ಅಜ್ಜಿಯ ಹೆಸರು ತಿಳಿದುಕೊಂಡ ಹುಡುಗನೂ ಒಂದೇ ಸರ್ಟಿಫಿಕೇಟ್ ಪಡೆಯುತ್ತಾರೆ. ಅಮೆರಿಕದ ಕಾಲೇಜುಗಳಲ್ಲೂ ಗಂಟೆ ಎಣಿಸುತ್ತಾರೆ, ಜೆರ್ಸಿ ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟಕ್ಕೇ ನಿಂತ ಸೇವೆಯೂ ಇದೆ, ಅದನ್ನು ದಾಟಿದ್ದೂ ಇದೆ.

ದಾಟಿದ್ದಕ್ಕೆ ಬೇಸ್‌ಬಾಲ್‌ನಿಂದಲೇ ಹುಟ್ಟಿದ ಒಂದು ಉದಾಹರಣೆ ಮಿರಾಕಲ್ ಲೀಗ್. ಜಾರ್ಜಿಯಾ ರಾಜ್ಯದ ಕಾನ್ಯರ್ಸ್ ಎಂಬ ಊರಿನಲ್ಲಿ ಅಂಗವಿಕಲ ಮಕ್ಕಳಿಗಾಗಿ ಶುರುವಾದ ಬೇಸ್‌ಬಾಲ್ ಇದು. ಮೊದಲ ವಿಶೇಷ ಮೈದಾನ ಸಿದ್ಧವಾದದ್ದು 2000ದಲ್ಲಿ. ಹುಲ್ಲು ಮಣ್ಣಿನ ಬದಲು ರಬ್ಬರಿನ ನೆಲ, ಓಡಿ ಮುಟ್ಟಬೇಕಾದ ಬೇಸ್‌ಗಳು ನೆಲಕ್ಕೆ ಸಮ. ಗಾಲಿಕುರ್ಚಿ ಎಲ್ಲೂ ಎಡವುವುದಿಲ್ಲ. ಪ್ರತಿ ಇನ್ನಿಂಗ್ಸ್‌ನಲ್ಲೂ ಪ್ರತಿ ಮಗುವಿಗೆ ಬ್ಯಾಟಿಂಗ್ ಸಿಗುತ್ತದೆ, ಯಾರೂ ಔಟಾಗುವುದಿಲ್ಲ, ಪ್ರತಿ ಮಗುವೂ ರನ್ ಗಳಿಸಿಯೇ ಮರಳುತ್ತದೆ. ಪ್ರತಿ ಮಗುವಿನ ಜೊತೆ ‘ಬಡಿ’ ಎಂಬ ಒಬ್ಬ ಜೊತೆಗಾರ ಇರುತ್ತಾನೆ. ದೇಶದ ಬೇರೆ ಬೇರೆ ಕಡೆ ಈ ಜೊತೆಗಾರರಾಗಿ ಬರುವವರಲ್ಲಿ ಕಾಲೇಜು ಬೇಸ್‌ಬಾಲ್ ಆಟಗಾರರೂ ಇದ್ದಾರೆ. ಹಿಂದಿನ ವಾರ ನಾಲ್ಕು ಸಲ ಸ್ಟ್ರೈಕೌಟ್ ಆಗಿ ತಲೆ ತಗ್ಗಿಸಿಕೊಂಡು ಬಂದವನು, ಹತ್ತು ವರ್ಷದ ಮಗುವಿನ ಗಾಲಿಕುರ್ಚಿಯನ್ನು ಮೂರನೇ ಬೇಸ್‌ನಿಂದ ಹೋಮ್ ಕಡೆ ತಳ್ಳಿಕೊಂಡು ಓಡುತ್ತಾನೆ. ಸೋಲನ್ನು ಬೆನ್ನಿಗೆ ಕಟ್ಟಿಕೊಂಡೇ ಬದುಕಬೇಕಾದ ಆಟ ಬೇಸ್‌ಬಾಲ್. ಹತ್ತು ಸಲದಲ್ಲಿ ಮೂರು ಸಲ ಹಿಟ್ ಬಾರಿಸಿದವನನ್ನೇ ಅಲ್ಲಿ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. ಅಂಥ ಆಟದ ಹುಡುಗನಿಗೆ, ಯಾರೂ ಔಟಾಗದ ಮೈದಾನದಲ್ಲಿ ಕಳೆದ ಒಂದು ಬೆಳಗು ಓದಿನಿಂದಾಗಲಿ ವಿಶ್ರಾಂತಿಯಿಂದಾಗಲಿ ಸಿಗದ್ದೇನನ್ನೋ ಕೊಡುತ್ತದೆ ಎಂದು ನಾನು ನಂಬುತ್ತೇನೆ.

ಇಂಥ ಕೆಲಸಕ್ಕೆ ಹೊತ್ತು ಸಿಗುವುದು ಮುಖ್ಯವಾಗಿ ಶರತ್ಕಾಲದ ಸೆಮಿಸ್ಟರಿನಲ್ಲಿ. ಆಗ ಪಂದ್ಯಗಳ ಸರಣಿ ಇರುವುದಿಲ್ಲ. ವಸಂತದಲ್ಲಿ ಉಳಿಯುವುದು ಸೋಮವಾರ ಮತ್ತು ಬೆಳಗಿನ ಬಿಡುವು. ಪಕ್ಕದ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಕತೆ ಓದಿ ಹೇಳುವಂಥ ಕೆಲಸ ಆಟಗಾರರಲ್ಲಿ ಬಳಕೆಯಲ್ಲಿರಲು ಇದೂ ಒಂದು ಕಾರಣ: ಒಂದು ಗಂಟೆಯಲ್ಲಿ ಮುಗಿಯುತ್ತದೆ, ಬಸ್ಸು ಬೇಡ. ಬೇಸಿಗೆಯಲ್ಲಿ ಇನ್ನೊಂದು ಬಗೆ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗ್‌ನಲ್ಲಿ ದೇಶದ ಉತ್ತಮ ಕಾಲೇಜು ಆಟಗಾರರು 10 ತಂಡಗಳಲ್ಲಿ ಮರದ ಬ್ಯಾಟು ಹಿಡಿದು ಆಡುತ್ತಾರೆ. ಅವರು ಉಳಿಯುವುದು ಊರಿನವರ ಮನೆಗಳಲ್ಲಿ, ಊಟವೂ ಅಲ್ಲೇ. ಬೆಳಗ್ಗೆ ಆ ಊರಿನ ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಟ್ಟು ಸಂಜೆ ಪಂದ್ಯಕ್ಕೆ ಇಳಿಯುತ್ತಾರೆ. ಉಂಡ ಮನೆಯ ಮಕ್ಕಳಿಗೇ ಆಟ ಕಲಿಸುವಾಗ ಸೇವೆ ಎಂಬ ದೊಡ್ಡ ಹೆಸರು ಬೇಕಾಗುವುದಿಲ್ಲ.

ಕಾಲೇಜು ಬೇಸ್‌ಬಾಲ್‌ನಿಂದ ಹೊರಟು ನಮ್ಮ ಬೀದಿಯ ತನಕ ಬಂದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಪೀಟ್ ಫ್ರೇಟ್ಸ್ ಬಾಸ್ಟನ್ ಕಾಲೇಜಿನ ಆಟಗಾರ, 2007ರಲ್ಲಿ ತಂಡದ ನಾಯಕ. ಕಾಲೇಜು ಮುಗಿದ ಮೇಲೂ ಊರ ಲೀಗ್‌ಗಳಲ್ಲಿ ಆಡುತ್ತಿದ್ದರು. 2012ರಲ್ಲಿ, 27ನೇ ವಯಸ್ಸಿಗೆ, ಸ್ನಾಯುಗಳನ್ನು ಒಂದೊಂದಾಗಿ ನಿಲ್ಲಿಸಿಬಿಡುವ ಎಎಲ್ಎಸ್ ಕಾಯಿಲೆ ಇದೆಯೆಂದು ತಿಳಿಯಿತು. ಅವರ ಹಳೆಯ ಕಾಲೇಜು ಅವರನ್ನು ಬೇಸ್‌ಬಾಲ್ ತಂಡದ ಕಾರ್ಯನಿರ್ವಹಣೆಯ ನಿರ್ದೇಶಕರಾಗಿ ಕರೆಸಿಕೊಂಡಿತು. 2014ರ ಬೇಸಿಗೆಯಲ್ಲಿ, ತಲೆಯ ಮೇಲೆ ಐಸ್ ನೀರು ಸುರಿದುಕೊಂಡು ಎಎಲ್ಎಸ್‌ಗಾಗಿ ಹಣ ಕೂಡಿಸುವ ಐಸ್ ಬಕೆಟ್ ಚಾಲೆಂಜ್ ಲೋಕದ ತುಂಬ ಹಬ್ಬಿದ್ದರ ಹಿಂದೆ ಅವರಿದ್ದರು, ಅವರ ಜೊತೆ ಆಡಿದ ಹುಡುಗರಿದ್ದರು. ಅಮೆರಿಕದ ಎಎಲ್ಎಸ್ ಅಸೋಸಿಯೇಷನ್ನಿಗೆ ಆ ಒಂದೇ ಬೇಸಿಗೆಯಲ್ಲಿ 11.5 ಕೋಟಿ ಡಾಲರ್ ಬಂತು. ನೀರು ಸುರಿಯುವ ಬದಲು ಹಸಿದವರಿಗೆ ಅಕ್ಕಿ ಕೊಡೋಣ ಎಂದು ಹೈದರಾಬಾದಿನಲ್ಲಿ ರೈಸ್ ಬಕೆಟ್ ಶುರುವಾದದ್ದೂ ಅದರಿಂದಲೇ. ಫ್ರೇಟ್ಸ್ 2019ರ ಡಿಸೆಂಬರ್ 9ರಂದು ತೀರಿಕೊಂಡರು, 34 ವರ್ಷ. ಅವರ 3ನೇ ನಂಬರಿನ ಜೆರ್ಸಿಯನ್ನು ಕಾಲೇಜು ಇನ್ನು ಯಾರಿಗೂ ಕೊಡುವುದಿಲ್ಲ.

ಆಟ, ಓದು, ಸೇವೆ ಮೂರೂ ಒಬ್ಬನಲ್ಲೇ ನೇರವಾಗಿ ಕೂಡಿದ್ದಕ್ಕೆ ನನಗೆ ಹತ್ತಿರವಾದ ಹೆಸರು ಕ್ರೇಗ್ ಬ್ರೆಸ್ಲೋ. ಯೇಲ್ ವಿಶ್ವವಿದ್ಯಾಲಯದಲ್ಲಿ ಎಡಗೈ ಪಿಚರ್. ಯೇಲ್ ಸೇರಿದ ಐವಿ ಲೀಗ್‌ನಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ. ಅವರು ಆರಿಸಿಕೊಂಡದ್ದು ಅಣು ಜೈವಿಕ ಭೌತಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ, ಅಂದರೆ ಉಳಿದ ಆಟಗಾರರು ದೂರವಿಡುವ ಅದೇ ಲ್ಯಾಬಿನ ಓದು. 2002ರಲ್ಲಿ ಡಿಗ್ರಿ ಮುಗಿಯಿತು. ಅದೇ ವರ್ಷ ಮಿಲ್ವಾಕಿ ಬ್ರೂವರ್ಸ್ 26ನೇ ಸುತ್ತಿನಲ್ಲಿ ಅವರನ್ನು ಆರಿಸಿತು. 26ನೇ ಸುತ್ತು ಎಂದರೆ ಮುಂದೆ ಬರುತ್ತಾನೆ ಎಂದು ಯಾರೂ ಹೆಚ್ಚು ನಂಬಿರದ ಹುಡುಗ. ಎರಡು ವರ್ಷಕ್ಕೆ ಕೈಬಿಟ್ಟರು. ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಅದನ್ನು ಮುಂದೂಡಿ ಸಣ್ಣ ಲೀಗಿನಲ್ಲಿ ಆಡಿದರು. 2005ರಲ್ಲಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ಮೂಲಕ ಮೇಜರ್ ಲೀಗ್ ತಲುಪಿ, 2013ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಆ ತಂಡದಲ್ಲಿದ್ದರು. ಅವರ ಅಕ್ಕನಿಗೆ ಚಿಕ್ಕಂದಿನಲ್ಲೇ ಥೈರಾಯ್ಡ್ ಕ್ಯಾನ್ಸರ್ ಬಂದು ವಾಸಿಯಾಗಿತ್ತು. ಡಾಕ್ಟರಾಗುವ ಆಸೆ ಮೂಡಿದ್ದೂ, 2008ರಲ್ಲಿ ಮಕ್ಕಳ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನೆಗಾಗಿ ಸ್ಟ್ರೈಕ್ 3 ಫೌಂಡೇಷನ್ ಕಟ್ಟಿದ್ದೂ ಆ ಮನೆಯ ಅನುಭವದಿಂದ. 2023ರಿಂದ ಅವರು ಅದೇ ರೆಡ್ ಸಾಕ್ಸ್‌ನ ಬೇಸ್‌ಬಾಲ್ ವಿಭಾಗದ ಮುಖ್ಯಸ್ಥರು. ಅವರು ಕಲಿತ ವಿಜ್ಞಾನ, ಮನೆಯಲ್ಲಿ ಕಂಡ ಕಾಯಿಲೆ, ಕೈಗೆ ಒಲಿದ ಆಟ ಒಂದನ್ನೊಂದು ಹಿಡಿದುಕೊಂಡೇ ಬಂದಿವೆ. ಸೇವೆಗೆ ಬೇರೆ ಹೊತ್ತು ಹುಡುಕುವ ತಾಪತ್ರಯ ಅಂಥವರಿಗೆ ಕಡಿಮೆ ಇರಬೇಕು.

ಯೇಲ್ ಎಂದಾಗ ಇನ್ನೊಬ್ಬರನ್ನು ಬಿಡಲಾಗದು. ಈಗ ನೆಬ್ರಾಸ್ಕದ ಒಮಾಹಾದಲ್ಲಿ ಪ್ರತಿ ಜೂನ್ ನಡೆಯುವ, ಕಾಲೇಜು ಬೇಸ್‌ಬಾಲ್‌ನ ಅಂತಿಮ ಟೂರ್ನಿಯಾದ ಕಾಲೇಜು ವರ್ಲ್ಡ್ ಸೀರೀಸ್ ಮೊದಲು ನಡೆದದ್ದು 1947ರಲ್ಲಿ, ಮಿಷಿಗನ್‌ನ ಕಲಮಜೂದಲ್ಲಿ. ಅದರಲ್ಲಿ ಆಡಿದ ಯೇಲ್ ತಂಡದ ಫಸ್ಟ್ ಬೇಸ್‌ಮನ್ ಜಾರ್ಜ್ ಎಚ್. ಡಬ್ಲ್ಯು. ಬುಷ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಯುದ್ಧದಲ್ಲಿ ವಿಮಾನ ಹಾರಿಸಿ ಬಂದವರು, ಮದುವೆಯಾಗಿತ್ತು, ಮನೆಯಲ್ಲಿ ಹಸುಗೂಸು. ಅರ್ಥಶಾಸ್ತ್ರದ ಡಿಗ್ರಿಯನ್ನು ಎರಡೂವರೆ ವರ್ಷದಲ್ಲಿ ಮುಗಿಸಿದರು, 1948ರಲ್ಲಿ ತಂಡದ ನಾಯಕರೂ ಆದರು. ಎರಡೂ ವರ್ಷ ಯೇಲ್ ಫೈನಲ್‌ನಲ್ಲಿ ಸೋತಿತು. ಆ ಕಾಲದ ಕಾಲೇಜು ಆಟಕ್ಕೂ ಇಂದಿನದಕ್ಕೂ ಇರುವ ಅಂತರವನ್ನು ಮರೆತು ‘ಅವರಿಗೆ ಆಗಿದ್ದು ನಿನಗೇಕೆ ಆಗದು’ ಎಂದು ಇಂದಿನ ಹುಡುಗನನ್ನು ಕೇಳುವುದು ಅನ್ಯಾಯ. ಅಂದು 56 ಪಂದ್ಯಗಳಿರಲಿಲ್ಲ.

ಒಂದು ಮಾತಿನ ಚರಿತ್ರೆಯನ್ನೂ ಹೇಳಬೇಕು. ಅಲ್ಲಿ ಕಾಲೇಜು ಆಟಗಾರನನ್ನು ‘ಸ್ಟೂಡೆಂಟ್-ಅಥ್ಲೀಟ್’ ಎನ್ನುತ್ತಾರೆ. ಕೇಳಲು ಗೌರವದ ಮಾತು. 1950ರ ದಶಕದಲ್ಲಿ ಅದನ್ನು ಬಳಕೆಗೆ ತಂದದ್ದು ವಾಲ್ಟರ್ ಬೈಯರ್ಸ್ ನೇತೃತ್ವದ ಎನ್‌ಸಿಎಎ. ಆಟದಲ್ಲಿ ಗಾಯಗೊಂಡವರನ್ನು, ಸತ್ತವರನ್ನು ಕಾಲೇಜಿನ ನೌಕರರೆಂದು ಪರಿಗಣಿಸಿ ಪರಿಹಾರ ಕೊಡಬೇಕಾಗಬಹುದು ಎಂಬ ಭಯ ಅದರ ಹಿಂದಿತ್ತು ಎಂದು ಬೈಯರ್ಸ್ ತಾವೇ ಮುಂದೆ ಒಪ್ಪಿಕೊಂಡರು. ವಿದ್ಯಾರ್ಥಿ ಎಂಬ ಪದವನ್ನು ಮುಂದೆ ಇಟ್ಟದ್ದು ಓದಿನ ಮೇಲಿನ ಪ್ರೀತಿಗಷ್ಟೇ ಅಲ್ಲ ಎಂದು ತಿಳಿದ ಮೇಲೆ, 20 ಗಂಟೆಯ ನಿಯಮದಲ್ಲಿ ಬಸ್ಸು ಏಕೆ ಸೊನ್ನೆ ಎನ್ನುವುದೂ ಅಷ್ಟು ಆಶ್ಚರ್ಯ ಹುಟ್ಟಿಸುವುದಿಲ್ಲ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು. 2025ರ ಒಪ್ಪಂದದಿಂದ ಕಾಲೇಜೇ ನೇರವಾಗಿ ಕೊಡಬಹುದು. ಆದರೆ ಆ ಹಣದ ಬಹುಭಾಗ ಹರಿಯುವುದು ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಕಡೆಗೆ. ಬೇಸ್‌ಬಾಲ್ ಹುಡುಗನ ಮಂಗಳವಾರ ಹೆಚ್ಚುಕಡಿಮೆ ಮೊದಲಿನಂತೆಯೇ ಇದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಮಗ ಮಕ್ಕಳ ಲಿಟ್ಲ್ ಲೀಗ್‌ನಿಂದ ಹೈಸ್ಕೂಲ್ ತಂಡಕ್ಕೆ ಬಂದು, ‘ಕಾಲೇಜಿನಲ್ಲೂ ಆಡ್ತೀನಿ’ ಅಂದಾಗ ಊರಿನಿಂದ ಅಜ್ಜ ಫೋನಿನಲ್ಲಿ ‘ಆಟ ಹೊಟ್ಟೆಗೆ ಹಾಕುತ್ತೇನಪ್ಪಾ?’ ಎಂದು ಕೇಳುವುದು ಸಹಜ. ಆ ಪ್ರಶ್ನೆಯಲ್ಲಿ ಪ್ರೀತಿಯಿದೆ. ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆಗಳು ಬೇರೆ ಇವೆ. ಕಾಲೇಜು ನೋಡಲು ಹೋದಾಗ, ಹಿಂದಿನ ವರ್ಷದ ತಂಡದಲ್ಲಿ ಮಧ್ಯಾಹ್ನ ಲ್ಯಾಬ್ ಇದ್ದ ಹುಡುಗರು ಎಷ್ಟು ಮಂದಿ ಎಂದು ಕೋಚ್‌ಗೆ ಕೇಳಿ. ಪರೀಕ್ಷೆ ಇರುವ ವಾರ ತಂಡ ಹೊರಗೆ ಹೋದರೆ ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿ. ಮೂರನೇ ವರ್ಷಕ್ಕೆ ತಂಡದ ಪಟ್ಟಿಯಿಂದ ಹೆಸರು ಹೋದರೆ ಸ್ಕಾಲರ್‌ಶಿಪ್ ಏನಾಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಆಮೇಲೆ ಎರಡನೇ ವರ್ಷದ ಒಬ್ಬ ಆಟಗಾರನನ್ನು, ಕ್ಯಾಚರ್ ಸಿಕ್ಕರೆ ಇನ್ನೂ ಒಳ್ಳೆಯದು, ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳಿ: ಸೋಮವಾರ ಏನು ಮಾಡ್ತೀಯಪ್ಪಾ?